ನೆವ್ರೆಸ್ ಕಲ್ಫಾ ಹೇಳಿಸಿದ ಮಾತು

ಸುಲ್ತಾನರ ರಾಜಧಾನಿಯ ಉಸ್ಕುದಾರಿನಲ್ಲಿ ದಣಿ ಸುಬ್ಹಿ ಬೇಯವರ ಮನೆಗೆ ನಾನು ಅಡುಗೆಯವನು. ಕಥೆ ಬರೆಯುವವರಿಗೆ ಬಡಿಸುವುದು ಸುಲಭವಲ್ಲ. ಬಿಸಿ ಪಿಲಾಫ್ ಅನ್ನ ಮುಂದಿಟ್ಟರೆ ಅದು ಆರುವ ತನಕ ತಮ್ಮ ಕಥೆಯವರಿಗಾಗಿ ಅಳುತ್ತಾರೆ. ಆ ವರ್ಷ ಅವರು ಪತ್ರಿಕೆಗೆ ಚೆರ್ಕೆಸ್ ಕುಲದ ಒಬ್ಬ ದಾಸಿಯ ಕಥೆ ಬರೆಯುತ್ತಿದ್ದರು, ಕಂತು ಮುಗಿದಾಗಲೆಲ್ಲ ನಮ್ಮನ್ನು ಕೂರಿಸಿ ಓದುತ್ತಿದ್ದರು.

ನೆವ್ರೆಸ್ ನಮ್ಮ ಮನೆಯ ಕಲ್ಫಾ, ಎಂದರೆ ಹಿರಿಯ ದಾಸಿ. ಅವಳೂ ಚೆರ್ಕೆಸ್. ಏಳನೇ ವಯಸ್ಸಿನಲ್ಲಿ ಮಾರಾಟವಾಗಿ ಬಂದವಳು, ಬೇಯವರನ್ನು ಎತ್ತಿ ಆಡಿಸಿದವಳು. ಒಂಬತ್ತು ವರ್ಷ ದುಡಿದವಳಿಗೆ ಬಿಡುಗಡೆ ಕೊಡುವುದು ನಮ್ಮ ರೂಢಿ. ಇವಳು ಬಂದು ಮೂವತ್ತೊಂದು ವರ್ಷವಾಗಿತ್ತು. ಬೇಯವರ ತಂದೆ, ದೊಡ್ಡ ಯಜಮಾನರು, "ರಮ್ಜಾನ್ ಬರಲಿ" ಎನ್ನುತ್ತಲೇ ತೀರಿಕೊಂಡರು. ಮಗ "ಕಥೆ ಮುಗಿಯಲಿ" ಎನ್ನುತ್ತಿದ್ದರು. ದೂರದ ದುಜ್ಜೆ ಊರಿನಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದು, "ಕಣ್ಣು ಮುಚ್ಚುವ ಮೊದಲು ಬಾ" ಎಂದು ಎರಡು ಸಲ ಹೇಳಿಕಳಿಸಿದ್ದಳು.

"ಚಿಕ್ಕ ದಣಿ, ನಿಮ್ಮ ಕಥೆಯ ಹುಡುಗಿ ಕಿಟಕೀಲೇ ನಿಂತಿರ್ತಾಳಲ್ಲ, ಪಾತ್ರೆ ಯಾವಾಗ ತೊಳೀತಾಳೆ?" ಎಂದು ಕಲ್ಫಾ ಕೇಳುವಳು.

"ಅವಳಿಗೆ ದುಃಖ, ಕಲ್ಫಾ."

"ನಮಗೆ ದುಃಖ ಅಂತ ಪಾತ್ರೆ ತಾವೇ ತೊಳ್ಕೊಳ್ತಾವಾ?"

ಒಂದು ಶುಕ್ರವಾರ ಮಧ್ಯಾಹ್ನ ಬೇಯವರಿಗೆ ಓದು ಕಲಿಸಿದ್ದ ಮುದಿಗುರು ಹಾಫಿಜ್ ಶಾಕಿರ್ ಬಂದಿದ್ದರು. ಅಂದಿನ ಕಂತಿನಲ್ಲಿ ಯಜಮಾನ ದಾಸಿಗೆ ಬಿಡುಗಡೆ ಕೊಡುತ್ತಾನೆ. ಕಲ್ಫಾ ಮೂಗು ಮುರಿದಳು.

"ಸಪ್ಪೆ. ಕಾಗದ ನೋಡ್ಕೊಂಡು ಗೊಣಗಿದ್ರೆ ಯಾರು ಅಳ್ತಾರೆ? ನನ್ನ ಮುಖ ನೋಡಿ, ನನ್ನ ಹೆಸರು ಹಿಡಿದು ಹೇಳಿ."

ಬೇಯವರಿಗೆ ಹುರುಪು ಬಂತು. ಎದ್ದು ನಿಂತು ಎದೆಗೆ ಕೈಯಿಟ್ಟರು. "ನೆವ್ರೆಸ್, ಇವತ್ತಿನಿಂದ ನೀನು ಸ್ವತಂತ್ರಳು!"

ಕಲ್ಫಾ ಹಾಫಿಜರ ಕಡೆ ತಿರುಗಿದಳು. "ಕೇಳಿಸ್ತಾ, ಗುರುಗಳೇ?"

"ಕೇಳಿಸ್ತಮ್ಮ. ಅಡುಗೆಯವನಿಗೂ ಕೇಳಿಸ್ತು. ಇಬ್ರು ಸಾಕ್ಷಿ ಆದ್ವಿ."

"ಅಯ್ಯೋ, ನಾನು ತಮಾಷೆಗೆ ಅಂದಿದ್ದು!" ಎಂದರು ಬೇ.

"ನಮ್ಮ ಧರ್ಮದಲ್ಲಿ ಮದುವೆ, ತಲಾಖ್, ಬಿಡುಗಡೆ, ಈ ಮೂರರಲ್ಲಿ ತಮಾಷೆಗೆ ಅಂದ್ರೂ ನಿಜಾನೇ ಕಣಯ್ಯ. ನಾನು ಪಾಠ ಹೇಳೋವಾಗ ನೀನು ತೂಕಡಿಸ್ತಿದ್ದೆ. ಕಾಗದ ತಾ, ಬರೆದುಬಿಡೋಣ."

ಬೇಯವರ ಮುಖ ಸಣ್ಣಗಾಯಿತು. "ನಮ್ಮನ್ನ ಬಿಟ್ಟು ಹೋಗ್ತೀಯಾ, ಕಲ್ಫಾ?"

"ಹೋಗ್ತೀನಿ, ದಣಿ. ಅಕ್ಕ ಇನ್ನೂ ಉಸಿರಾಡ್ತಿದ್ದಾಳೆ. ನಿಮ್ಮ ಕಥೆ ಮುಗಿಯೋ ತನಕ ಅವಳು ಕಾಯೋದಿಲ್ಲ."

ಅಷ್ಟು ಹೇಳಿ, ಇನ್ನೇನೋ ಚುಚ್ಚುಮಾತು ಆಡಲು ಹೋದಳು, ಆಗಲಿಲ್ಲ. ನೆಲದ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ನನಗೂ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಕಾಗದದ ದಾಸಿಗಾಗಿ ಅಷ್ಟೊಂದು ಅತ್ತ ಬೇಯವರು ಮಾತ್ರ ಅಳಲಿಲ್ಲ. ತಲೆ ತಗ್ಗಿಸಿ ಮಸಿಕುಡಿಕೆ ತರಲು ಹೋದರು.