ಮೂವತ್ತೊಂದನೆಯ ಪುಟ

ಬೆಟ್ಟದ ಮೇಲಿನ ನಮ್ಮ ಅರಬ್ ಊರು ಸಲ್ತ್‌ನಲ್ಲಿ ಬಾಯಿಬಡುಕರಿಗೆ ಬರವಿಲ್ಲ. ಆದರೆ ಅದಕ್ಕೆಂದೇ ಒಂದು ಬ್ಲಾಗು ಕಟ್ಟಿಕೊಂಡವನು ನನ್ನ ದೊಡ್ಡಪ್ಪನ ಮಗ ಶುಕ್ರಿ ಒಬ್ಬನೇ. ಮಗನ ಹೆಸರು ಹಿಡಿದು ಊರು ಅವನನ್ನು ಅಬೂ ಗೈಸ್, ಅಂದರೆ ಗೈಸ್‌ನ ಅಪ್ಪ, ಎನ್ನುತ್ತದೆ. ನಲ್ಲಿ, ಪೈಪು ಮಾರುವ ಅಂಗಡಿ ಅವನದು. ಅಂಗಡಿಯ ನಲ್ಲಿಗಳೆಲ್ಲ ಬಿಗಿಯಾಗಿ ನಿಲ್ಲುತ್ತಿದ್ದವು, ಅವನ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಬರಹಗಳಿಗೆ ತಾರೀಖು ಯಾಕಿಲ್ಲ ಎಂದು ಕೇಳಿದರೆ, "ನನ್ನ ಬರಹ ಏನು ಮೊಸರಾ, ತಾರೀಖು ಹಾಕೋಕೆ?" ಎನ್ನುತ್ತಿದ್ದ.

ಬ್ಲಾಗಿನ ಅಡಿಯಲ್ಲಿ ಮೊದಲು 'ಹಳೆಯ ಬರಹಗಳು' ಎಂಬ ಒಂದು ಕೊಂಡಿಯಷ್ಟೇ ಇತ್ತು. ಅದನ್ನು ಒತ್ತಿ ಒತ್ತಿ ತಳಕ್ಕಿಳಿಯುವ ತಾಳ್ಮೆ ಯಾರಿಗೂ ಇರಲಿಲ್ಲ. ಅದು ಊರಿನ ಪುಣ್ಯ. ಆದರೆ ತಾನೆಷ್ಟು ಬರೆದಿದ್ದೇನೆಂದು ಜಗತ್ತಿಗೆ ಗೊತ್ತಾಗದಿದ್ದರೆ ಈ ಮಹಾಶಯನಿಗೆ ಉಂಡ ಅನ್ನ ಅರಗದಲ್ಲ! ಪುಟಗಳ ನಂಬರು ತೋರಿಸುವ ಪ್ಲಗಿನ್ ಒಂದನ್ನು ಹುಡುಕಿ ಇಳಿಸಿಕೊಂಡ. ಅದು ಹೇಳಿದ ಒಂದು ಸಾಲನ್ನು ತಪ್ಪು ಫೈಲಿಗೆ ಅಂಟಿಸಿ, ಬ್ಲಾಗಿಗೆ ಬ್ಲಾಗೇ ಬಿಳಿಚಿಕೊಂಡಾಗ ಪ್ಲಗಿನ್ ಮಾಡಿದವನ ವಂಶವನ್ನೆಲ್ಲ ಬೈದ. ಕೊನೆಗೂ ಅಡಿಯಲ್ಲಿ ನಂಬರುಗಳ ಸಾಲು ಮೂಡಿತು. ನನ್ನನ್ನು ಅಂಗಡಿಗೆ ಕರೆಸಿದ.

"ನೋಡೋ, ಮೂವತ್ತೊಂದು ಪುಟ! ಈ ಬೆಟ್ಟದ ಮೇಲೆ ಇನ್ಯಾರ ಹತ್ರ ಇದೆ?"

"ಸಾಲು ಎಡಗಡೆಯಿಂದ ಶುರುವಾಗಿದೆಯಲ್ಲೋ. ನಮ್ಮೋರು ಅರಬ್ಬಿ ಓದೋದು ಬಲದಿಂದ. ಮೊದಲ್ನೇದು ಅಂತ ಬಲತುದಿ ಒತ್ತಿದ್ರೆ ಎಲ್ಲಕ್ಕಿಂತ ಹಳೇ ಪುಟ ತೆರೆಯುತ್ತೆ. ತಿರುಗಿಸೋಕೆ ಏನಾದ್ರೂ ಇದೆಯಾ ನೋಡು."

"ಓದೋರಿಗೆ ಬುದ್ಧಿ ಇದ್ರೆ ಸಾಕು, ನೀನು ಸುಮ್ನಿರು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಮೂವತ್ತೊಂದನೆಯ ಪುಟದಲ್ಲಿದ್ದದ್ದು ಒಂದೇ ಬರಹ, ಅವನು ಬರೆದ ಮೊಟ್ಟಮೊದಲನೆಯದು. ಕುನಾಫ ಎಂಬ ಚೀಸಿನ ಸಿಹಿತಿಂಡಿ ಮಾರುವ ಅಬೂ ನಿಮ್ರ್ ಬಗ್ಗೆ. 'ಇವನ ಕುನಾಫದಲ್ಲಿ ಚೀಸು ಹುಡುಕಲು ಪೊಲೀಸರೇ ಬರಬೇಕು, ಇವನಿಗಿಂತ ಇವನ ತಕ್ಕಡಿ ದೊಡ್ಡ ಸುಳ್ಳುಗಾರ' ಎಂದೆಲ್ಲ. ಆಮೇಲೆ ಇಬ್ಬರಿಗೂ ಮಾತು ನಿಂತು, ಹಿರಿಯರು ಒಂದೇ ತಟ್ಟೆಯಲ್ಲಿ ಮನ್ಸಫ್ ಎಂಬ ಕುರಿಮಾಂಸದ ಊಟ ಉಣ್ಣಿಸಿ ರಾಜಿ ಮಾಡಿಸಿದ್ದರು. ಈಗ ಗೈಸ್ ಮನಸ್ಸು ಕೊಟ್ಟಿದ್ದು ಅದೇ ಅಬೂ ನಿಮ್ರ್‌ನ ಮಗಳು ರಹಫ್‌ಗೆ. ಶುಕ್ರವಾರ ಹೆಣ್ಣು ಕೇಳಲು ಹೋಗುವುದೆಂದು ನಿಶ್ಚಯವಾಗಿತ್ತು.

ಅಷ್ಟರೊಳಗೆ ಊರಿಗೆ ಊರೇ ಬಲತುದಿ ಒತ್ತಿ, ಅದು ಇವತ್ತಿನ ಬರಹವೆಂದೇ ಓದಿಕೊಂಡಿತ್ತು.

ಶುಕ್ರವಾರ ನಾವು ಗಂಡಸರೆಲ್ಲ ಅಬೂ ನಿಮ್ರ್ ಮನೆಯಲ್ಲಿ ಕೂತೆವು. ಕಾಫಿ ಬಂತು. ಹುಡುಗಿಯ ತಂದೆ ಒಪ್ಪಿ 'ಕುಡಿಯಿರಿ' ಎನ್ನುವವರೆಗೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ನಮ್ಮ ಹಿರಿಯರು ಹೆಣ್ಣು ಕೇಳಿದರು. ಅಬೂ ನಿಮ್ರ್ ನಮ್ಮ ಶುಕ್ರಿಯ ಕಡೆ ತಿರುಗಿದ.

"ಅಬೂ ಗೈಸ್, ನನ್ನ ತಕ್ಕಡಿ ಸುಳ್ಳು ಹೇಳುತ್ತಂತೆ?"

"ಅಯ್ಯೋ ಮಾರಾಯ, ಅದು ಹಳೇದು! ರಾಜಿಗಿಂತ ಮುಂಚೆ ಬರೆದಿದ್ದು!"

"ಹಳೇದು ಅಂತ ನನಗೂ ಗೊತ್ತಪ್ಪ. ಅವತ್ತೇ ಅಳಿಸಿರ್ತೀಯ ಅಂದ್ಕೊಂಡಿದ್ದೆ. ನೀನು ಅದನ್ನ ಜೋಪಾನ ಮಾಡಿದ್ದಲ್ದೆ, ನಂಬರ್ ಹಾಕಿ, ದಾರಿ ಮಾಡಿ, ಊರನ್ನೇ ಕಳಿಸಿದ್ದೀಯ." ಮತ್ತೆ ಅವನೇ ಹೇಳಿದ, "ಹೋಗ್ಲಿ. ಫೋನ್ ತೆಗಿ, ನಮ್ಮೆಲ್ಲರ ಎದುರು ಅಳಿಸು. ಎಲ್ಲರೂ ಕಾಫಿ ಕುಡಿಯೋಣ."

ಎಂಥ ದೊಡ್ಡ ಮನಸ್ಸು! ಗೈಸ್‌ನ ಮುಖ ಅರಳಿತು. ಶುಕ್ರಿ ಫೋನು ತೆಗೆದು ಆ ಪುಟ ತೆರೆದ. ಬೆರಳು ಎತ್ತಿದ. ಎತ್ತಿದ್ದು ಅಲ್ಲೇ ನಿಂತಿತು.

"ಅಲ್ಲಾ... ಇದು ಹೋದ್ರೆ ಮೂವತ್ತೇ ಪುಟ ಆಗುತ್ತಲ್ಲ," ಎಂದು ಹಲ್ಲು ಕಿರಿದ.

ಒಬ್ಬರೂ ನಗಲಿಲ್ಲ. ಪಕ್ಕದಲ್ಲೇ ಇದ್ದೆ, ಅವನ ಕೆನ್ನೆಗೆ ಬಾರಿಸಬೇಕಿತ್ತು. ಅಬೂ ನಿಮ್ರ್ ತಟ್ಟೆ ತಂದು, ಕಾಫಿ ತುಂಬಿದ ಬಟ್ಟಲುಗಳನ್ನು ಒಂದೊಂದಾಗಿ ತಾನೇ ಎತ್ತಿಟ್ಟುಕೊಳ್ಳತೊಡಗಿದ. ಈಗ ಶುಕ್ರಿ ಗಾಬರಿಯಿಂದ, "ಅಳಿಸ್ದೆ, ಅಳಿಸಿಬಿಟ್ಟೆ, ನೋಡಿ!" ಎಂದು ಫೋನನ್ನು ಎಲ್ಲರ ಮುಖಕ್ಕೂ ಹಿಡಿದ. ಯಾರೂ ನೋಡಲಿಲ್ಲ.

ಗೈಸ್ ತನ್ನ ಬಟ್ಟಲಿನ ಮೇಲೆ ಅಂಗೈ ಮುಚ್ಚಿ ಕೂತಿದ್ದ. ಅಬೂ ನಿಮ್ರ್ ಅವನ ತಲೆ ಸವರಿ, ಕೈಯನ್ನು ಮೆಲ್ಲಗೆ ಸರಿಸಿ, ಬಟ್ಟಲನ್ನು ಎತ್ತಿಕೊಂಡ.