ಟವೆಲಿನಡಿಯ ವ್ಯಾಪಾರ

ನಮ್ಮೆಜಮಾನರಿಗೆ ಲಕ್ವ ಹೊಡೆದು ಹನ್ನೊಂದು ತಿಂಗಳಾಗುವ ಹೊತ್ತಿಗೆ ನನಗೆ ಉಳಿದಿದ್ದ ಆಸೆ ಒಂದೇ. ಮಾಲೂರಿನ ಅಕ್ಕನ ಮನೆಗೆ ಹೋಗಿ ಮೂರು ದಿನ ಮಲಗಬೇಕು. ಅವರು ಎದ್ದು ಓಡಾಡಲಿ, ಮಾತಾಡಲಿ ಎಂಬ ಹರಕೆಗಳೆಲ್ಲ ಮೊದಲ ನಾಲ್ಕು ತಿಂಗಳಲ್ಲೇ ಮುಗಿದಿದ್ದವು. ಯಾರನ್ನೂ ಮಗ್ಗುಲು ತಿರುಗಿಸಬೇಕಿಲ್ಲದ ಮೂರು ದಿನ, ಒಂದು ಚಾಪೆ, ಅಷ್ಟು ಸಿಕ್ಕಿದ್ದರೆ ಸಾಕಿತ್ತು.

ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋಗಿದ್ದವು. ಕೋಲಾರದ ಆಸ್ಪತ್ರೆಯಿಂದ ಶ್ರೀನಿವಾಸಪುರದ ಮನೆಗೆ ಕಳಿಸುವಾಗ ಡಾಕ್ಟರು, "ನಾವು ಹೇಳೋದು ಎಷ್ಟು ಅರ್ಥ ಆಗುತ್ತೆ ಅಂತ ಹೇಳೋಕಾಗಲ್ಲಮ್ಮ, ಮಾತಾಡಿಸ್ತಾ ಇರಿ" ಎಂದಿದ್ದರು. ಮಾತಾಡಿಸಿದೆ. ಗೋಡೆಯ ಹತ್ತಿರ ಎಷ್ಟು ದಿನ ಅಂತ ಮಾತಾಡುವುದು? ಬರಬರುತ್ತ ನನ್ನ ಮಾತು "ಬಾಯಿ ತೆಗೀರಿ", "ನುಂಗಿ", "ತಿರುಗಿ" ಎನ್ನುವಷ್ಟಕ್ಕೆ ಬಂದು ನಿಂತಿತು.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಕೈ ಎಂದರೆ ನನ್ನವೆರಡೇ. ಬೆನ್ನು ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೋಸಿದ ರಾಗಿ ಗಂಜಿಯನ್ನು ಚಮಚ ಚಮಚವಾಗಿ ಕುಡಿಸಬೇಕು, ನೆತ್ತಿಗೆ ಹತ್ತಿದರೆ ಎತ್ತಿ ಕೂರಿಸಬೇಕು. ಒದ್ದೆ ಬಟ್ಟೆ, ಬಿಸಿನೀರು, ಪೌಡರು. ಅಷ್ಟು ಮುಗಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಮತ್ತೆ ಮಗ್ಗುಲು. ನೋಡಲು ಬಂದವರು ಪಾರಿವಾಳದ ರಕ್ತ ಹಚ್ಚಿ ಎನ್ನುತ್ತಿದ್ದರು, ನಿಮ್ಮಂಥ ಹೆಂಡತಿ ಸಿಗೋಕೆ ಪುಣ್ಯ ಮಾಡಿರಬೇಕು ಎನ್ನುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ಆ ಲೋಟ ತೊಳೆಯುವವಳೂ ನಾನೇ.

ನಂಗಲಿಯಲ್ಲಿರುವ ನಾದಿನಿ ಫೋನು ಮಾಡಿದಾಗಲೆಲ್ಲ, "ನಾನ್ ಬಂದು ನೋಡ್ಕೋತೀನಿ ವದಿನಾ, ನೀನು ಹೋಗಿ ಬಾ" ಎನ್ನುತ್ತಿದ್ದಳು. ಅತ್ತಿಗೆಯನ್ನು ನಮ್ಮ ಕಡೆ ತೆಲುಗಿನಲ್ಲಿ ವದಿನಾ ಎನ್ನುವುದು. ಆದರೆ ಹೋಗುವುದು ಹೇಗೆ? ಹೇಳದೆ ಹೋದರೆ, ಇವಳೂ ಬಿಟ್ಟುಹೋದಳು ಎಂದು ಅವರು ಅಂದುಕೊಂಡರೆ? ಹೇಳಿದರೆ ತಿಳಿಯುತ್ತದೆಂಬ ಭರವಸೆಯಿಲ್ಲ. ಒಮ್ಮೆ ಸಾಕಾಗಿ, ಅವರ ಮಂಚದ ಪಕ್ಕದಲ್ಲೇ ನಿಂತು ಫೋನಿನಲ್ಲಿ ನಾದಿನಿಗೆ ಹೇಳಿಬಿಟ್ಟೆ: "ದೇವರು ಕರ್ಕೊಂಡ್ರೆ ಅವರಿಗೂ ಬಿಡುಗಡೆ, ನನಗೂ ಬಿಡುಗಡೆ."

ಮೊದಲಾದರೆ ಮಾಲೂರಿಗೆ ಹೋಗುವುದೆಂದರೆ ನಮ್ಮ ಮನೆಯಲ್ಲಿ ಅದೂ ಒಂದು ವ್ಯಾಪಾರ. ಅವರು ಮೂವತ್ತು ವರ್ಷ ಇಲ್ಲಿನ ಮಾವಿನ ಮಂಡಿಯಲ್ಲಿ ದಲ್ಲಾಳಿಯಾಗಿದ್ದವರು. ನಾಲ್ಕು ದಿನ ಎಂದರೆ ಎರಡು ಸಾಕು ಎನ್ನುತ್ತಿದ್ದರು. ಎಂಟು ಕೇಳಿದರೆ ನಾಲ್ಕು ಸಿಗುತ್ತದೆಂದು ನಾನೂ ಕಲಿತುಕೊಂಡಿದ್ದೆ. ಒಮ್ಮೆಯಾದರೂ ಕೇಳಿದಷ್ಟು ಕೊಟ್ಟ ಪುಣ್ಯಾತ್ಮರಲ್ಲ.

ಇತ್ತೀಚೆಗೆ ಅವರದೊಂದು ಹೊಸ ಕಾಟ ಶುರುವಾಗಿತ್ತು. ಮೈ ಒರೆಸಿ ಎಡಗೈಗೆ ಟವೆಲು ಹಾಕಿದ ಕೂಡಲೇ ನನ್ನ ಬೆರಳು ಹಿಡಿದುಬಿಡುತ್ತಿದ್ದರು. ಒಂದು ಸಲ ಎರಡು ಬೆರಳು, ಇನ್ನೊಂದು ಸಲ ಮೂರು. ನರ ಸೆಳೆತವೆಂದುಕೊಂಡು ನಾನು ಒಂದೊಂದಾಗಿ ಬಿಡಿಸುತ್ತಿದ್ದೆ. ಒಂದು ದಿನ ಒಲೆಯ ಮೇಲೆ ಗಂಜಿ ಉಕ್ಕುತ್ತಿತ್ತು, ಇವರು ಬಿಡಲೊಲ್ಲರು. ಸಿಟ್ಟು ಬಂದು ಆ ಕೈಯ ಮೇಲೆ ಪಟ್ಟನೆ ಹೊಡೆದೆ. ಬಿಟ್ಟರು. ಆಮೇಲೆ ಎರಡು ವಾರ ಹಿಡಿಯಲಿಲ್ಲ.

ಜೂನ್ ತಿಂಗಳಲ್ಲಿ, ಅವರ ಮಂಡಿಗೇ ಕಾಯಿ ತರುತ್ತಿದ್ದ ದೇವರಾಯಸಮುದ್ರದ ರೈತರೊಬ್ಬರು ಒಂದು ಚೀಲ ಬಾದಾಮಿ ಮಾವಿನಹಣ್ಣು ಹೊತ್ತು ಬಂದರು. ಮಂಚದ ಅಂಚಿಗೆ ಕೂತು, "ಏಮನ್ನಾ, ಬಾಗುಂಡಾವಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳಿದರು. ಏನು ಮಾಡಬೇಕೋ ತೋಚದೆ ಹೆಗಲ ಮೇಲಿದ್ದ ಟವೆಲು ತೆಗೆದು ನಮ್ಮೆಜಮಾನರ ಎಡಗೈ ಮೇಲೆ ಹೊದಿಸಿ, ಒಳಗೆ ತಮ್ಮ ಕೈ ಇಟ್ಟರು. ಇಬ್ಬರ ಮುಖವೂ ಒಮ್ಮೆಲೇ ಕಲ್ಲಾಯಿತು. ಟವೆಲಿನ ಕೆಳಗೆ ಮಾತ್ರ ಏನೋ ಅಲುಗಾಡುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಆ ರೈತರು ನನ್ನ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು.

"ವದಿನಾ, ಅಣ್ಣ ರೇಟ್ ಕಟ್ತಾವ್ರೆ. ನಾನು ಎಂಟು ಅಂದೆ. ಆರರ ಮೇಲೆ ಏಳ್ತಾನೇ ಇಲ್ಲ."

ಪಕ್ಕದಲ್ಲಿ ನಿಂತವನಿಗೆ ರೇಟು ತಿಳಿಯಬಾರದೆಂದು ಮಂಡಿಯವರು ಹೀಗೆ ಬಟ್ಟೆಯಡಿ ಬೆರಳು ಹಿಡಿದು ಮಾತಾಡುತ್ತಾರೆ. ಹಿಡಿದಷ್ಟು ಬೆರಳು ಲೆಕ್ಕ, ಇಡೀ ಕೈ ಹಿಡಿದರೆ ಐದು, ಕೈ ಹಿಡಿದು ಮತ್ತೊಂದು ಬೆರಳು ಹಿಡಿದರೆ ಆರು. ಆ ರೈತರೇ ನನ್ನ ಕೈ ಹಿಡಿದು ತೋರಿಸಿಕೊಟ್ಟರು. ಹೆಂಗಸರು ಮಂಡಿಯ ಒಳಗೆ ಹೋಗುವವರಲ್ಲ. ಇಷ್ಟು ವರ್ಷ ಸಂಸಾರ ಮಾಡಿಯೂ ಗಂಡನ ಕಸುಬಿನ ಮಾತು ನನಗೆ ಬರುತ್ತಿರಲಿಲ್ಲ.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ. ಇಷ್ಟು ದಿನ ನನ್ನ ಹತ್ತಿರ ಏನು ಕೇಳುತ್ತಿದ್ದರೋ! ಇನ್ನೆರಡು ಚಮಚ ಸಾಕು ಎಂದೋ, ಗಂಟೆ ಮೂರಾಯಿತೇ ಎಂದೋ. ಅದಕ್ಕೆ ನಾನು ಹೊಡೆದೆ. ಮತ್ತೆ ಆ ಫೋನಿನ ಮಾತು. ಅದನ್ನೂ ಕೇಳಿಸಿಕೊಂಡಿದ್ದಾರೆ. ಮುಖ ಎಲ್ಲಿಡಲಿ ಎಂದು ತೋಚಲಿಲ್ಲ. ಅಷ್ಟರಲ್ಲಿ ಮಗ್ಗುಲು ಬದಲಿಸುವ ಹೊತ್ತಾಯಿತು, ಎದ್ದೆ.

ಮಾರನೆಯ ದಿನ ಮೈ ಒರೆಸಿದ ಮೇಲೆ ಟವೆಲನ್ನು ಅವರ ಎಡಗೈ ಮೇಲೆ ಹೊದಿಸಿ ಒಳಗೆ ಕೈ ಇಟ್ಟೆ.

"ರೀ, ತುಂಬಾ ಸುಸ್ತಾಗಿದೆ ನಂಗೆ. ಮಾಲೂರಿಗೆ ಹೋಗಿ ಬರ್ತೀನಿ. ನಿಮ್ಮ ತಂಗಿ ಬಂದು ನೋಡ್ಕೋತಾಳೆ. ಇಷ್ಟು ದಿನ."

ಮೂರು ಬೆರಳು ಹಿಡಿದೆ. ಒಂದಕ್ಕೆ ಇಳಿಸುತ್ತಾರೆ, ಎರಡಕ್ಕಾದರೂ ಒಪ್ಪಿಸಬೇಕು ಎಂದು ಲೆಕ್ಕ ಹಾಕಿಕೊಂಡಿದ್ದೆ. ಅವರು ನನ್ನ ಮುಖ ನೋಡಲಿಲ್ಲ, ಮಂಡಿಯವರ ಹಾಗೆ ಕಿಟಕಿಯ ಕಡೆ ನೋಡಿದರು. ಆಮೇಲೆ ನನ್ನ ಇಡೀ ಕೈ ಹಿಡಿದರು.

ತಪ್ಪಿರಬೇಕೆಂದು ಮತ್ತೆ ಮೂರು ಹಿಡಿದೆ. ಮತ್ತೆ ಇಡೀ ಕೈ, ಈ ಸಲ ಇನ್ನೂ ಗಟ್ಟಿಯಾಗಿ.

"ಐದು ದಿನ ಆದ್ರೆ ನಿಮ್ಮ ತಂಗಿ ಸೊಂಟ ಬಿದ್ದೋಗುತ್ತೆ" ಎಂದೆ. ಅವರ ನಾಲ್ಕು ಬೆರಳು ಹಿಡಿದೆ. ಅವರು ಒಮ್ಮೆ ಒತ್ತಿ, ಕೈ ಬಿಟ್ಟರು.

ಆ ಶುಕ್ರವಾರ ಕೋಲಾರದ ಬಸ್ಸು ಹತ್ತಿ, ಅಲ್ಲಿಂದ ಮಾಲೂರಿಗೆ ಹೋದೆ. ನಾಲ್ಕು ದಿನವೂ ಮಲಗಿದೆ.