ತಂತಿಯ ಪಾಲು ಆರು ಡಿಗ್ರಿ

ನನ್ನ ದೊಡ್ಡಮ್ಮನ ಎದುರು ಯಾರೂ 'ಸುಮಾರು' ಎನ್ನುವ ಹಾಗಿಲ್ಲ. ಸ್ವಲ್ಪ ಜ್ವರ ಎಂದರೆ, "ಸ್ವಲ್ಪ ಅಂದ್ರೆ ಎಷ್ಟು?" ಎಂದು ಕೇಳುವ ಹೆಂಗಸು. ಲಸಿಕೆಗಳ ಉಗ್ರಾಣದಲ್ಲಿ ಉಷ್ಣತೆ ಅಳೆಯುವ ಉಪಕರಣಗಳನ್ನು ಮೂವತ್ತೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಅವಳೇ. ನಾನು ಅಲ್ಲೇ ಗುಮಾಸ್ತೆ. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಅವಳ ಕೋಪಕ್ಕೆ ಕಾರಣ ಇರುತ್ತದೆ, ನನ್ನದಕ್ಕೆ ಇರುವುದಿಲ್ಲ.

ಅವಳ ಕೋಣೆಯ ಮೇಜಿನ ತುಂಬ ಬೆಸುಗೆಯ ಸುಟ್ಟ ಕಲೆಗಳು, ಬಿಸ್ಕತ್ತಿನ ಡಬ್ಬಗಳಲ್ಲಿ ಬಿಡಿಭಾಗಗಳು, ಪಕ್ಕದಲ್ಲಿ ಅಗಲ ಬಾಯಿಯ ಒಂದು ಫ್ಲಾಸ್ಕು. ಐಸನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಶುದ್ಧ ನೀರು ಬೆರೆಸಿ ಕಲಕಿದರೆ ಆ ಮಿಶ್ರಣ ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ. ಎಷ್ಟೇ ದುಬಾರಿ ಸೆನ್ಸರ್ ಬರಲಿ, ಮೊದಲು ಅದರಲ್ಲಿ ಮುಳುಗಿ ಸೊನ್ನೆ ತೋರಿಸಬೇಕು. "ಐಸು ಯಾರ ಮುಲಾಜೂ ನೋಡಲ್ಲ ಕಣೆ" ಎನ್ನುತ್ತಿದ್ದಳು. ವ್ಯಾನಿನ ಡ್ರೈವರುಗಳು ಅವಳನ್ನು ಹಿಂದಿನಿಂದ ಐಸಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ನಮ್ಮ ಅಧಿಕಾರಿಗೆ ಒಮ್ಮೆ, ಲಸಿಕೆ ಇಡುವ ಶೀತಲ ಕೋಣೆಯ ಉಷ್ಣತೆ ತಮ್ಮ ಕುರ್ಚಿಯಿಂದಲೇ ಕಾಣಬೇಕು ಅನ್ನಿಸಿತು. ದೊಡ್ಡಮ್ಮ ಸೆನ್ಸರನ್ನು ತನ್ನ ಮೇಜಿನ ಮೇಲೆ ಐಸಿನಲ್ಲಿಟ್ಟು ನೋಡಿದಳು; ಕರಾರುವಾಕ್ಕಾಗಿ ಸೊನ್ನೆ. ಅದನ್ನು ಕೋಣೆಯೊಳಗೆ ಕೂರಿಸಿ, ಉದ್ದನೆಯ ತಂತಿ ಎಳೆದು, ಅಂಕಿ ತೋರಿಸುವ ಪೆಟ್ಟಿಗೆಯನ್ನು ಸಾಹೇಬರ ಗೋಡೆಗೆ ಹಾಕಿ, ಆ ಅಂಕಿ ನಾಲ್ಕು ಡಿಗ್ರಿಗೆ ಬರುವಂತೆ ಕೋಣೆಯ ತಂಪು ಹೊಂದಿಸಿದಳು. ಅಂದಿನಿಂದ ಇಪ್ಪತ್ತೆರಡು ದಿನ ಬೆಳಿಗ್ಗೆ ಸಂಜೆ ನಾನು ದಾಖಲೆ ಪುಸ್ತಕದಲ್ಲಿ 'ನಾಲ್ಕು' ಎಂದು ಬರೆದೆ. ನಾಲ್ಕೇ ಇರಬೇಕಾದದ್ದು.

ಒಂದನೇ ತಾರೀಖು ಬಂತು. ಪ್ರತಿ ತಿಂಗಳಿನಂತೆ ಅವಳು ಫ್ಲಾಸ್ಕು ಹಿಡಿದು ಶೀತಲ ಕೋಣೆಗೆ ಹೋಗಿ, ಸೆನ್ಸರನ್ನು ಐಸಿನಲ್ಲಿ ಮುಳುಗಿಸಿದಳು. ನಾನು ಪೆಟ್ಟಿಗೆಯ ಮುಂದೆ ಫೋನ್ ಹಿಡಿದು ನಿಂತಿದ್ದೆ.

"ಎಷ್ಟೇ?"

"ಆರು."

"ಕಣ್ಣು ನೆಟ್ಟಗಿದೆಯಾ? ಸರಿಯಾಗಿ ನೋಡು."

"ಆರೇ, ದೊಡ್ಡಮ್ಮ."

ಫೋನ್ ಕಟ್ಟಾಯಿತು. ಓಡಿ ಹೋದರೆ ಅವಳು ಲಸಿಕೆಯ ಖಾಲಿ ಡಬ್ಬವೊಂದರ ಮೇಲೆ ಕೂತಿದ್ದಳು. ಸೆನ್ಸರಿನೊಳಗಿನ ಪ್ಲಾಟಿನಂ ಎಳೆ ಬಿಸಿಯಾದಷ್ಟೂ ಅದರಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಪೆಟ್ಟಿಗೆಯ ಸರ್ಕ್ಯೂಟು ಆ ತಡೆಯನ್ನೇ ಡಿಗ್ರಿಯಾಗಿ ತೋರಿಸುತ್ತದೆ. ಆದರೆ ಉದ್ದನೆಯ ತಂತಿಗೂ ತನ್ನದೇ ತಡೆ ಇರುತ್ತದೆ. ಸರ್ಕ್ಯೂಟು ಅದನ್ನೂ ಬಿಸಿ ಎಂದುಕೊಂಡು ಆರು ಡಿಗ್ರಿ ಸೇರಿಸಿತ್ತು. ನಾನು ನಾಲ್ಕು ಎಂದು ಬರೆದಾಗಲೆಲ್ಲ ಒಳಗೆ ಇದ್ದದ್ದು ಸೊನ್ನೆಗಿಂತ ಎರಡು ಕೆಳಗೆ. ಸೆನ್ಸರನ್ನು ಪರೀಕ್ಷಿಸಿದವಳು, ತಂತಿ ಸೇರಿಸಿದ ಮೇಲೆ ಮತ್ತೆ ಪರೀಕ್ಷಿಸಿರಲಿಲ್ಲ.

ಆ ಕೋಣೆಯಲ್ಲಿದ್ದ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೂ ಕೆಲಸಕ್ಕೆ ಬಾರದು. ದೊಡ್ಡಮ್ಮ ಅಲ್ಲಿಂದ ಒಂದು ಸೀಸೆ, ಬೇರೆ ಫ್ರಿಜ್ಜಿನಿಂದ ಅದೇ ಲಸಿಕೆಯ ಇನ್ನೊಂದು ಸೀಸೆ ತಂದು, ಎರಡನ್ನೂ ಕುಲುಕಿ ಸಾಹೇಬರ ಮೇಜಿನ ಮೇಲಿಟ್ಟಳು. ಫ್ರಿಜ್ಜಿನದು ಹಾಲಿನಂತೆಯೇ ಉಳಿಯಿತು. ನಮ್ಮದರಲ್ಲಿ ನೋಡನೋಡುತ್ತಿದ್ದಂತೆ ಬಿಳಿ ಗಷ್ಟು ತಳಕ್ಕಿಳಿಯಿತು.

ತಿಪ್ಪೆ ಸಾರಿಸುವುದರಲ್ಲಿ ನಮ್ಮ ಸಾಹೇಬರದು ಪಳಗಿದ ಕೈ. "ಇಲ್ಲಿರೋದನ್ನ ಎಸೆದುಬಿಡೋಣ ಮೇಡಂ. ಹೊರಗೆ ಹೋಗಿದ್ದನ್ನ ಯಾಕೆ ಕೆದಕ್ತೀರಿ? ಎಂಟು ತಿಂಗಳಿಗೆ ನಿಮ್ಮ ನಿವೃತ್ತಿ. ಮರ್ಯಾದೆಯಾಗಿ ಹೋಗೋದು ಬೇಡ್ವಾ?"

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೂ ಅದೇ ಸರಿ ಅನ್ನಿಸಿತು.

"ಮಕ್ಕಳಿಗೆ ಲಸಿಕೆ ಆಯ್ತು ಅಂತ ತಾಯಂದಿರು ನಿಶ್ಚಿಂತೆಯಾಗಿದ್ದಾರೆ ಸರ್," ಎಂದಳು ದೊಡ್ಡಮ್ಮ. "ನಾಳೆ ಆ ಮಕ್ಕಳಿಗೆ ರೋಗ ಬಂದ್ರೆ ನನ್ನ ಮರ್ಯಾದೆ ತಗೊಂಡು ಏನ್ ಮಾಡ್ಲಿ?" ನನ್ನ ಕಡೆ ತಿರುಗಿ, "ನೀನು ಟೈಪ್ ಮಾಡು" ಎಂದಳು.

ತಪ್ಪು ನನ್ನದು ಎಂದು ಶುರುವಾದ ಪತ್ರ ಅದು. ಈ ಇಪ್ಪತ್ತೆರಡು ದಿನ ಇಲ್ಲಿಂದ ಹೋದ ಲಸಿಕೆ ಪಡೆದ ಎಲ್ಲ ಮಕ್ಕಳಿಗೂ ಮತ್ತೆ ಹಾಕಬೇಕು ಎಂದಿತ್ತು. ಕೇಂದ್ರಗಳ ಪಟ್ಟಿ ಹೊಡೆಯುತ್ತಾ ನನ್ನ ಕೈ ನಿಂತಿತು. ನಮ್ಮ ಬೀದಿಯ ಕೇಂದ್ರವೂ ಅದರಲ್ಲಿತ್ತು. ನನ್ನ ಮೂರು ತಿಂಗಳ ಮಗಳಿಗೆ ಒಂಬತ್ತು ದಿನದ ಹಿಂದೆ ಅಲ್ಲೇ ಹಾಕಿಸಿದ್ದೆ.

"ದೊಡ್ಡಮ್ಮ, ನಮ್ಮ ಪುಟ್ಟಿಗೂ..."

"ಮುಂದಿನದು ಹೊಡಿ" ಎಂದಳು.

ಸಾಹೇಬರು ಹಲ್ಲು ಕಡಿಯುತ್ತಲೇ ಸಹಿ ಹಾಕಿದರು. ನಾಲ್ಕನೇ ದಿನ ಕೇಂದ್ರದ ವರಾಂಡದ ತುಂಬ ತಾಯಂದಿರು. ದೊಡ್ಡಮ್ಮ ರಜೆ ಹಾಕಿ ಬಂದು, "ಇಲ್ಲಿ ಕೊಡು" ಎಂದು ಪುಟ್ಟಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಸೂಜಿ ಚುಚ್ಚಿದಾಗ ಮಗು ಕಿಟಾರನೆ ಕಿರುಚಿತು. ದೊಡ್ಡಮ್ಮನ ಕಣ್ಣಲ್ಲಿ ನೀರು ನಾನು ಕಂಡದ್ದು ಅದೇ ಮೊದಲು.

ಸಾಲಿನಲ್ಲಿದ್ದ ಹೆಂಗಸೊಬ್ಬಳು ನರ್ಸಮ್ಮನ ಮೇಲೆ ರೇಗಿದಳು: "ಯಾರೋ ಮಾಡಿದ ತಪ್ಪಿಗೆ ನಮ್ಮ ಮಕ್ಕಳು ಎರಡೆರಡು ಸಲ ಚುಚ್ಚಿಸ್ಕೋಬೇಕಾ?"

ಅಳುತ್ತಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ದೊಡ್ಡಮ್ಮ ಎದ್ದು ನಿಂತಳು. "ತಪ್ಪು ನಂದು ಕಣಮ್ಮ. ಯಂತ್ರ ತಪ್ಪು ತೋರಿಸ್ತಿತ್ತು, ನಾನು ಸರಿಯಾಗಿ ನೋಡ್ಲಿಲ್ಲ. ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ."

ಆ ಹೆಂಗಸು ಅವಳನ್ನೇ ದುರುಗುಟ್ಟಿ ನೋಡಿದಳು. "ನೀವು ಹೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ, ಅಲ್ವಾ?"

"ಇಲ್ಲ."

ಸರದಿ ಬಂದಾಗ ಆ ಹೆಂಗಸು ತನ್ನ ಮಗುವನ್ನು ತಂದು ದೊಡ್ಡಮ್ಮನ ಮಡಿಲಿಗೆ ಹಾಕಿದಳು. "ನನಗೆ ನೋಡೋಕಾಗಲ್ಲ. ನೀವೇ ಹಿಡ್ಕೊಳ್ಳಿ" ಎಂದಳು.